ಮಟ ಮಟ ಮಧ್ಯಾಹ್ನದ ನಿದ್ದೆ

ಪ್ರಕೃತಿಯ ಮಡಿಲಲ್ಲಿ ನೆಮ್ಮದಿ ಅಂತ ಚಿತ್ರ ಬಿಡಿಸುವವರು ಎರಡು ಬೆಟ್ಟ, ಒಂದು ಕೆರೆ, ದಡದಲ್ಲೊಂದು ಮರ ಬರೆದು ಮುಗಿಸುತ್ತಾರೆ. ಮನುಷ್ಯರೇ ಇರುವುದಿಲ್ಲ. ನನಗಂತೂ ಇದು ಒಪ್ಪಿಗೆಯಾಗುವುದಿಲ್ಲ. ದಣಿದವರೇ ಇಲ್ಲದ ಮೇಲೆ ವಿಶ್ರಾಂತಿ ಯಾರದ್ದು?

ವಿನ್ಸೆಂಟ್ ವ್ಯಾನ್ ಗೋ ಬಿಡಿಸಿದ ಮಧ್ಯಾಹ್ನದ ವಿಶ್ರಾಂತಿಯ ಚಿತ್ರವನ್ನು ಒಮ್ಮೆ ನೋಡಿ. ಪ್ಯಾರಿಸ್‌ನ ಆರ್ಸೆ ಮ್ಯೂಸಿಯಂನಲ್ಲಿದೆ, ನೆಟ್‌ನಲ್ಲೂ ಸುಲಭವಾಗಿ ಸಿಗುತ್ತದೆ. ಕೊಯ್ಲಿನ ಹೊಲ, ಬಣವೆಯ ನೆರಳು, ಅಲ್ಲಿ ಗಂಡಸೊಬ್ಬ ಎರಡೂ ಕೈ ತಲೆ ಕೆಳಗಿಟ್ಟು ಅಂಗಾತ ಮಲಗಿದ್ದಾನೆ, ಟೋಪಿ ಕಣ್ಣಿನ ಮೇಲೆ ಜಾರಿದೆ, ಪಕ್ಕದಲ್ಲಿ ಹೆಂಗಸು ಮುದುಡಿಕೊಂಡು ನಿದ್ದೆ ಹೋಗಿದ್ದಾಳೆ. ದೂರದಲ್ಲಿ ಗಾಡಿ, ಎತ್ತು. ಆದರೆ ನನ್ನ ಕಣ್ಣು ಪ್ರತಿ ಸಲ ಹೋಗುವುದು ಅವನ ಪಕ್ಕದಲ್ಲಿ ಬಿದ್ದಿರುವ ಬೂಟು ಮತ್ತು ಕುಡುಗೋಲುಗಳ ಕಡೆಗೆ. ಬೂಟು ಬಿಚ್ಚಿ ಬರಿಗಾಲಲ್ಲಿ ಮಲಗಿದ್ದಾನೆ ಅಂದರೆ ಇದು ಐದು ನಿಮಿಷ ಸುಮ್ನೆ ಕೂತೆದ್ದು ಹೋಗುವ ವಿಷಯ ಅಲ್ಲ ಅಲ್ವಾ? ಕುಡುಗೋಲು ಕೈಗೆಟಕುವಷ್ಟು ದೂರದಲ್ಲೇ ಇದೆ, ಎದ್ದರೆ ಮತ್ತೆ ಕೆಲಸ. ಆ ಬೂಟು, ಕುಡುಗೋಲು ಅಳಿಸಿದರೆ ಉಳಿಯುವುದು ಚಂದದ ಹೊಲ ಅಷ್ಟೇ.

ಇದರ ಮೂಲ ಫ್ರಾನ್ಸಿನ ಮಿಲೆ ಬಿಡಿಸಿದ ಚಿತ್ರ. ಅದರ ಕಪ್ಪು-ಬಿಳುಪು ಅಚ್ಚು ನೋಡಿಕೊಂಡು ವ್ಯಾನ್ ಗೋ ತನ್ನದೇ ಬಣ್ಣ ತುಂಬಿದ: ಬಣವೆಗೆ ಉರಿಯುವ ಹಳದಿ, ಬಟ್ಟೆಗೂ ಆಕಾಶಕ್ಕೂ ನೀಲಿ. ಬಿಸಿಲು ಎಷ್ಟು ಜೋರಾಗಿದೆ ಅಂತ ಆ ಹಳದಿಯೇ ಹೇಳುತ್ತದೆ. ಅವನು ಇದನ್ನು ಬಿಡಿಸಿದ್ದು 1889ರ ಡಿಸೆಂಬರ್, 1890ರ ಜನವರಿಯ ಚಳಿಯಲ್ಲಿ, ದಕ್ಷಿಣ ಫ್ರಾನ್ಸಿನ ಸಾಂ-ರೆಮಿ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಇದ್ದಾಗ. 1890ರ ಜುಲೈನಲ್ಲಿ ತೀರಿಕೊಂಡ. ಇದು ಗೊತ್ತಾದ ಮೇಲೆ ಆ ಇಬ್ಬರ ನಿದ್ದೆ ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮಲ್ಲೂ ಮಧ್ಯಾಹ್ನದ ಬಿಸಿಲು ಗೊತ್ತಿಲ್ಲದ ಊರಿಲ್ಲ. ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ, ಬಹಳ ಒಳ್ಳೆಯದು. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರಿಗೆ ಅಂಥ ಆದೇಶ ಯಾರೂ ಹೊರಡಿಸುವುದಿಲ್ಲ. ಅವರಿಗೆ ಇರುವುದು ಬದುವಿನ ಬೇವಿನ ಮರ, ಅದನ್ನೂ ಕಡಿದರೆ ಬುತ್ತಿ ಬಿಚ್ಚಲೂ ಜಾಗವಿಲ್ಲ.

ಚಿತ್ರ ಬಿಡಿಸುವ ಗೆಳೆಯರೇ, ಮುಂದಿನ ಸಲ ಊರಿಗೆ ಹೋದಾಗ ಈ ಹೆಂಗಸರು ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ, ಅವರನ್ನು ಕೇಳಿ, ಒಪ್ಪಿದರೆ ಬಿಡಿಸಿ. ಚಪ್ಪಲಿ, ಬುತ್ತಿ ಗಂಟು, ಕಳೆ ತೆಗೆಯುವ ಕುರ್ಪಿ, ಯಾವುದನ್ನೂ ಬಿಡಬೇಡಿ. ಮರ ಯಾವುದು ಅಂತಲೂ ಕೆಳಗೆ ಬರೆಯಿರಿ.