ಅತ್ಯಾಚಾರದಿಂದ ಹುಟ್ಟಿದ ಮಗು: ಅತ್ಯಾಚಾರಿಗೆ ಅಪ್ಪನ ಹಕ್ಕು ಇರಬೇಕಾ?

ಪರ: ಆ ಹಕ್ಕು ಹೋಗಲೇಬೇಕು

ಜೂನ್ ತಿಂಗಳು. ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಅಡ್ಮಿಷನ್ ನಡೆದಿತ್ತು. ನನ್ನ ಪಕ್ಕ ಕೂತಿದ್ದ ಹುಡುಗಿ ಫಾರ್ಮ್ ತುಂಬುತ್ತಿದ್ದಳು. ‘ತಂದೆಯ ಹೆಸರು’ ಬಂದಾಗ ಪೆನ್ನು ನಿಂತಿತು. ಒಂದು ಗೆರೆ ಎಳೆದಳು. ಗುಮಾಸ್ತರು ಫಾರ್ಮ್ ವಾಪಸ್ ತಳ್ಳಿದರು. “ಹೆಸರು ಬರೀ ತಂಗಿ, ಖಾಲಿ ಬಿಟ್ರ ನಡಿಯಂಗಿಲ್ಲ.” ಅವಳು ಮಗನ ಕೈ ಹಿಡಿದು ಸುಮ್ನೆ ನಿಂತಳು. ಅವನು ತನ್ನ ಹೊಸ ಚಪ್ಪಲಿ ನೋಡುತ್ತಿದ್ದ. ಅವಳ ಮೇಲೆ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು.

ಹೆಸರು ಬರೆಯುವುದೇ ಇಷ್ಟು ಕಷ್ಟ. ಆ ಹೆಸರಿನವನೇ ಬಾಗಿಲಿಗೆ ಬಂದು “ನನ್ನ ಮಗನ್ನ ನೋಡಬೇಕು” ಅಂದರೆ?

ಮದುವೆಯಾಗದ ತಾಯಿ ಅಪ್ಪನ ಹೆಸರು ಹೇಳದೆ, ಅವನಿಗೆ ನೋಟಿಸ್ ಕೊಡದೆ ಮಗುವಿನ ಪಾಲಕಿಯಾಗಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೊಡ್ಡ ಆಸರೆ ಅದು. ಆದರೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯ 6ನೇ ಕಲಂ ಓದಿ ನೋಡಿ. ಮದುವೆಯಾಚೆ ಹುಟ್ಟಿದ ಮಗುವಿಗೆ ಮೊದಲು ತಾಯಿ ಪಾಲಕಿ, ಅವಳ ನಂತರ ತಂದೆ. ಅತ್ಯಾಚಾರಿಗೆ ಇದು ಸಲ್ಲದು ಅಂತ ಅಲ್ಲಿ ಬರೆದಿಲ್ಲ. ನಾಳೆ ಅವಳಿಗೆ ಏನಾದರೂ ಆದರೆ ಮುಂದಿನ ಹೆಸರು ಅವನದು! ಮಗುವನ್ನು ಎತ್ತಿ ಆಡಿಸಿದ ಅಜ್ಜಿ ಚಿಗರಿ ಬಸ್ ಹತ್ತಿ ಧಾರವಾಡದ ಕೋರ್ಟಿಗೆ ಅಲೆಯಬೇಕು.

ನಮ್ಮ ಕಡೆ ಹಿರಿಯರು ಕೂಡಿ “ಆದದ್ದು ಆಗೇತಿ, ಲಗ್ನ ಮಾಡಿಬಿಡ್ರಿ” ಅನ್ನುವುದುಂಟು. ಇಂಥ ರಾಜಿ, ಮದುವೆಯ ಸಲಹೆಯನ್ನು ಕೋರ್ಟುಗಳು ಕೊಡಲೇಬಾರದು ಎಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮಗುವಿನ ಮೇಲೆ ಹಕ್ಕೇ ಇಲ್ಲದವನು “ಕೇಸ್ ವಾಪಸ್ ತಗೋ, ಇಲ್ಲಾಂದ್ರ ಕೂಸನ್ನ ಕೇಳ್ತೀನಿ” ಎಂದು ಹೆದರಿಸಲಾರ. ಅಮೆರಿಕದಲ್ಲಿ ಇಂಥ ಹಕ್ಕು ರದ್ದು ಮಾಡುವ ರಾಜ್ಯಗಳಿಗೆ 2015ರ ಒಂದು ಕಾಯ್ದೆ ಹೆಚ್ಚಿನ ಅನುದಾನ ಕೊಡುತ್ತದೆ. ಸ್ಪಷ್ಟ, ನಂಬುವಂಥ ಸಾಕ್ಷ್ಯ ಇದ್ದರಾಯಿತು, ಅವನಿಗೆ ಶಿಕ್ಷೆಯಾಗುವ ತನಕ ತಾಯಿ ಕಾಯಬೇಕಿಲ್ಲ. ನಮಗೂ ಅಂಥದ್ದು ಬೇಕು.

ವಿರೋಧ: ಕಾನೂನು ತಾನಾಗಿ ಕಿತ್ತುಹಾಕುವುದು ಬೇಡ

ಅವನ ಪರ ಮಾತಾಡಲು ನಾನು ಕೂತಿಲ್ಲ. ಹಕ್ಕಿನ ಜೊತೆ ಹೊಣೆಯೂ ಹೋಗಿಬಿಟ್ಟರೆ ಅನ್ನುವುದೇ ನನ್ನ ಚಿಂತೆ. ಕುಂದಗೋಳದ ಕಡೆ ನಾಲ್ಕೆಕರೆ ಎರೆ ಹೊಲ ಇದ್ದವನು ಅಂದುಕೊಳ್ಳಿ. “ಅಪ್ಪನೇ ಅಲ್ಲ ಅಂದಮೇಲೆ ಜೀವನಾಂಶ ಯಾಕೆ, ಹೊಲದಲ್ಲಿ ಪಾಲು ಯಾಕೆ?” ಅಂತ ಅವನ ವಕೀಲರು ಕೇಳದೆ ಬಿಡ್ತಾರಾ? ಅತ್ಯಾಚಾರದಿಂದ ಹುಟ್ಟಿದ ಮಗುವಿಗೂ ಹೆತ್ತಪ್ಪನ ಆಸ್ತಿಯಲ್ಲಿ ಹಕ್ಕುಂಟು ಎಂದು ಅಲಹಾಬಾದ್ ಹೈಕೋರ್ಟ್ 2015ರಲ್ಲಿ ಹೇಳಿತ್ತು. ಅದು ಕೈ ತಪ್ಪಬಾರದು.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಹದಿನೇಳರ ಹುಡುಗಿ, ಪಕ್ಕದ ಓಣಿಯ ಹುಡುಗ. ಇಬ್ಬರೂ ಒಪ್ಪಿ ಓಡಿ ಹೋಗುತ್ತಾರೆ, ಮಗು ಆಗುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯಲ್ಲಿ ಹದಿನೆಂಟು ತುಂಬದವಳ ಒಪ್ಪಿಗೆಗೆ ಬೆಲೆ ಇಲ್ಲ. ಅವನು ಜೈಲಿಗೆ, ಇವಳು ಕೂಸು ಎತ್ತಿಕೊಂಡು ಅವನ ದಾರಿ ಕಾಯುತ್ತಾಳೆ. ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ಹುಡುಗಿಗೆ ಬರೀ ಹದಿನಾಲ್ಕಾಗಿತ್ತು. ಅಪರಾಧ ಸಾಬೀತಾಗಿದ್ದರೂ, ಅವಳು ಮಗುವಿನ ಜೊತೆ ಅವನ ಮನೆಯಲ್ಲೇ ಬಾಳುತ್ತಿದ್ದದ್ದನ್ನು ನೋಡಿ ಸುಪ್ರೀಂ ಕೋರ್ಟ್ 2025ರಲ್ಲಿ ಶಿಕ್ಷೆ ವಿಧಿಸಲಿಲ್ಲ. ಅವಳ ವಯಸ್ಸು ನೆನೆದರೆ ನನಗೆ ಈಗಲೂ ಸಂಕಟ. ಆದರೂ, ಅವಳನ್ನು ಕೇಳದೆ ಆ ಮಗುವಿನ ಅಪ್ಪನನ್ನು ಕಾನೂನು ತಾನೇ ಅಳಿಸಿಹಾಕಿದರೆ ಅವಳಿಗೆ ಮತ್ತೊಂದು ಪೆಟ್ಟು ಅಲ್ವಾ?

ತಾಯಿ ಅರ್ಜಿ ಹಾಕಲಿ. ಜಡ್ಜ್ ಅವನನ್ನು ಎದುರಿಗೆ ಕೂರಿಸದೆ ಅವಳೊಬ್ಬಳನ್ನೇ ಕೇಳಲಿ. ಬೇಡ ಅಂದರೆ ಅವನು ಮನೆ, ಶಾಲೆ ಎಲ್ಲೂ ಸುಳಿಯಬಾರದು, ಪಾಲಕನಾಗುವ ಸರದಿಯೂ ಅವನಿಗೆ ಬರಬಾರದು. ದುಡ್ಡು ಮಾತ್ರ ಪ್ರತಿ ತಿಂಗಳು ತಪ್ಪದೆ ಅವಳ ಖಾತೆಗೆ ಬರಲಿ.