ಹಸುವಿಗೆ ನಿಯಮ ಓದಲು ಬರುವುದಿಲ್ಲ

ಯುರೋಪಿನಲ್ಲಿ ಹಾಲು ಕರೆದು ಬದುಕುವುದು ಕಷ್ಟ. ಕರೆಯದೆ ಬದುಕುವುದಕ್ಕೆ ಮಾತ್ರ ಅರ್ಜಿ ನಮೂನೆ ಇದೆ. ಚೇಷ್ಟೆಗೆ ಹೇಳುತ್ತಿಲ್ಲ. 2016ರಲ್ಲಿ ಯುರೋಪಿಯನ್ ಒಕ್ಕೂಟ 15 ಕೋಟಿ ಯೂರೊ ಎತ್ತಿಟ್ಟು, ಹಿಂದಿನ ವರ್ಷಕ್ಕಿಂತ ಕಡಿಮೆ ಹಾಲು ಹಾಕುವ ರೈತನಿಗೆ ಹಾಕದೇ ಉಳಿಸಿದ ಪ್ರತಿ ಕಿಲೋಗೆ 14 ಸೆಂಟ್ ಕೊಡುತ್ತೇನೆಂದು ಸಾರಿತು. ಆಗ ಡೈರಿಗೆ ಹಾಲು ಹಾಕುವವನಿಗೆ ಸಿಗುತ್ತಿದ್ದದ್ದು 25 ಸೆಂಟಿನ ಆಸುಪಾಸು. ಹಿಂಡಿ ಬೇಡ, ಬೂಸಾ ಬೇಡ, ಬೆಳಗಿನ ಜಾವ ಏಳುವುದೂ ಬೇಡ. ಅರ್ಧಕ್ಕಿಂತ ಹೆಚ್ಚು ದುಡ್ಡು ಕೈಗೆ ಬರುತ್ತದೆ.

ಅದೇ ವರ್ಷ ಅದೇ ಒಕ್ಕೂಟ ಕೆನೆ ತೆಗೆದ ಹಾಲಿನ ಪುಡಿಯನ್ನು ನಿಗದಿತ ದರಕ್ಕೆ ಕೊಳ್ಳುವ ಮಿತಿಯನ್ನು 1,09,000 ಟನ್‌ನಿಂದ 3,50,000 ಟನ್‌ಗೆ ಏರಿಸಿತು. ಒಂದು ಕಿಟಕಿಯಲ್ಲಿ ಹಾಲಿಗೆ ದುಡ್ಡು, ಪಕ್ಕದ ಕಿಟಕಿಯಲ್ಲಿ ಹಾಲಿಲ್ಲದಿರುವುದಕ್ಕೆ ದುಡ್ಡು. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ವಿದ್ಯೆ ನಮ್ಮವರಿಗೂ ಗೊತ್ತು. ಆದರೆ ಚಿವುಟುವುದಕ್ಕೊಂದು ಕಡತ, ತೂಗುವುದಕ್ಕೊಂದು ಕಡತ ಇಟ್ಟು ಎರಡಕ್ಕೂ ಲೆಕ್ಕಪರಿಶೋಧನೆ ಮಾಡಿಸುವ ಶಿಸ್ತು ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸಿನವರದ್ದು. ಕೊಂಡ ಪುಡಿಯನ್ನು ಮಾರಲು ಆ ಡಿಸೆಂಬರಿನಲ್ಲಿ ಟೆಂಡರ್ ಕರೆದಾಗ ಹೋದದ್ದು 40 ಟನ್. ಮರು ತಿಂಗಳು ರೈತರು ಒಕ್ಕೂಟದ ಕಟ್ಟಡದ ಮೇಲೆ ಹಾಲಿನ ಪುಡಿಯನ್ನೇ ತೂರಿ ಪ್ರತಿಭಟಿಸಿದರು. ದಾಸ್ತಾನು ವಿಲೇವಾರಿಗೆ ಟೆಂಡರಿಗಿಂತ ಅದೇ ಚುರುಕಾಗಿತ್ತು ಎನ್ನಬೇಕು.

ಈ ಕಥೆ ಶುರುವಾಗುವುದು 1962ರಲ್ಲಿ, ಒಕ್ಕೂಟದ ದೇಶಗಳಿಗೆಲ್ಲ ಒಂದೇ ಆದ ಸಾಮಾನ್ಯ ಕೃಷಿ ನೀತಿಯಿಂದ. ಯುದ್ಧದ ಹಸಿವು ಕಂಡವರು ಮಾಡಿದ ನೀತಿ, ಉದ್ದೇಶದಲ್ಲಿ ತಪ್ಪಿರಲಿಲ್ಲ. ರೈತ ಎಷ್ಟು ಬೆಣ್ಣೆ ಮಾಡಿದರೂ ಒಳ್ಳೆಯ ಬೆಲೆಗೆ ಕೊಳ್ಳುತ್ತೇವೆ ಎಂದರು. ರೈತ ಮಾಡಿದ. ಕೊಂಡರು. ಇನ್ನಷ್ಟು ಮಾಡಿದ. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಶೀತಲ ಗೋದಾಮುಗಳಲ್ಲಿ 10 ಲಕ್ಷ ಟನ್‌ಗೂ ಮೀರಿ ಬೆಣ್ಣೆ ಕೂತಿತ್ತು. ಪತ್ರಿಕೆಗಳು ಅದನ್ನು ಬೆಣ್ಣೆ ಬೆಟ್ಟ ಎಂದವು. ಅದಕ್ಕೂ ಮೊದಲೇ, 1973ರಲ್ಲಿ, ಎರಡು ಲಕ್ಷ ಟನ್‌ನಷ್ಟು ಬೆಣ್ಣೆಯನ್ನು ಅಗ್ಗದ ದರಕ್ಕೆ ಸೋವಿಯತ್ ಒಕ್ಕೂಟಕ್ಕೆ ಸಾಗಿಸಿದ್ದರು. ಶೀತಲ ಸಮರದ ಕಾಲದಲ್ಲಿ ಶತ್ರುವಿನ ರೊಟ್ಟಿಗೆ ತಮ್ಮ ತೆರಿಗೆದಾರರ ಖರ್ಚಿನಲ್ಲಿ ಬೆಣ್ಣೆ ಸವರಿದ ಉದಾರತೆ ಅದು.

ಪುಡಿಗೂ ಒಂದು ದಾರಿ ಕಂಡುಕೊಂಡರು. ಪಶು ಆಹಾರ ಕೊಳ್ಳುವವರು ಒಕ್ಕೂಟದ ದಾಸ್ತಾನಿನ ಹಾಲಿನ ಪುಡಿಯನ್ನೂ ಕಡ್ಡಾಯವಾಗಿ ಬಳಸಬೇಕೆಂದು 1976ರಲ್ಲಿ ನಿಯಮ ಮಾಡಿದರು. ಸೋಯಾ ಹಿಂಡಿಗಿಂತ ಅದರ ಬೆಲೆ ಹೆಚ್ಚುಕಡಿಮೆ ಮೂರು ಪಟ್ಟು. ಹಸುವಿಗೆ ಸೋಯಾ ತಿನ್ನಿಸಿ ಹಾಲು ಕರೆದು, ಹಾಲನ್ನು ಒಣಗಿಸಿ, ಸೋಯಾ ತಿನ್ನುವ ಕೋಳಿಗೆ ಅದನ್ನು ತಿನ್ನಿಸುವ ಈ ಅರ್ಥಶಾಸ್ತ್ರ ಕೋಳಿ ಸಾಕುವವರಿಗೆ ಅರ್ಥವಾಗಲಿಲ್ಲ. ಮರುವರ್ಷ ಯುರೋಪಿನ ನ್ಯಾಯಾಲಯಕ್ಕೂ ಅರ್ಥವಾಗದೆ ನಿಯಮ ಬಿದ್ದುಹೋಯಿತು.

ಈ ಬೆಟ್ಟದ ಒಂದು ಚೂರು ನಮಗೂ ಸಿಕ್ಕಿದೆ. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಎಂಬ ನಮ್ಮ ಕ್ಷೀರಕ್ರಾಂತಿ ಯೋಜನೆಗೆ ಯುರೋಪು ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಹಾಲಿನ ಪುಡಿಯನ್ನೂ ಬೆಣ್ಣೆಯ ಎಣ್ಣೆಯನ್ನೂ ದಾನವಾಗಿ ಕೊಟ್ಟಿತು. ವರ್ಗೀಸ್ ಕುರಿಯನ್ ಅದನ್ನು ಪುಕ್ಕಟೆ ಹಂಚಿ ಕೈತೊಳೆದುಕೊಳ್ಳಲಿಲ್ಲ. ಮತ್ತೆ ಹಾಲು ಮಾಡಿಸಿ ಮಹಾನಗರಗಳಲ್ಲಿ ಮಾರಿ, ಬಂದ ಹಣದಲ್ಲಿ ಹಾಲು ಉತ್ಪಾದಕರ ಸಂಘಗಳನ್ನೂ ಡೈರಿಗಳನ್ನೂ ಬೆಳೆಸಿದರು. ನಮ್ಮ ಕೆಎಂಎಫ್ ಬೆಳೆದದ್ದೂ ಆ ಯೋಜನೆಯ ಅವಧಿಯಲ್ಲೇ. ಯುರೋಪಿನ ಹಾಲಿನ ನೀತಿಯಿಂದ ಹೈನುಗಾರರಿಗೆ ನಿಸ್ಸಂದೇಹವಾಗಿ ಒಳ್ಳೆಯದಾದ ಒಂದು ಜಾಗವನ್ನು ಹುಡುಕಿಕೊಂಡು ಹೊರಟರೆ ಕಾಲು ಬಂದು ನಿಲ್ಲುವುದು ಕುರಿಯನ್ ದುಡಿದ ಗುಜರಾತಿನ ಆನಂದ್‌ನಲ್ಲಿ.

ಇನ್ನು ಹೇಳಿದ ಮಾತು ಕೇಳಿದವರ ವಿಚಾರಕ್ಕೆ ಬರೋಣ. ನನ್ನ ತಕರಾರಿರುವುದು ಇಲ್ಲಿಯೇ. ಹಣ ಪೋಲಾಯಿತು ಎಂಬುದಕ್ಕೆ ಅಳುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಈ ಆರು ದಶಕಗಳಲ್ಲಿ ಬ್ರಸೆಲ್ಸಿನ ಮಾತನ್ನು ಅಕ್ಷರಶಃ ಪಾಲಿಸಿದ ರೈತನಿಗೆ ಏನಾಯಿತು ಎಂಬುದನ್ನು ನೋಡಿ.

1977ರಲ್ಲಿ ಒಕ್ಕೂಟ ಒಂದು ಯೋಜನೆ ತಂದಿತು: ಐದು ವರ್ಷ ಹಾಲು ಮಾರುವುದಿಲ್ಲವೆಂದು ಬರೆದುಕೊಡಿ, ಹಣ ಕೊಡುತ್ತೇವೆ. ಸಮಾಜದ ಒಳಿತಿಗಲ್ಲವೇ ಎಂದು ಕೆಲವರು ಸಹಿ ಹಾಕಿ, ಹಸುಗಳನ್ನು ಮಾರಿ, ನಿಷ್ಠೆಯಿಂದ ಕೈಕಟ್ಟಿ ಕುಳಿತರು. ಅವರ ಅವಧಿ ಮುಗಿಯುತ್ತಾ ಬಂದಾಗ, 1984ರಲ್ಲಿ, ಹಾಲಿನ ಕೋಟಾ ಬಂದಿತು. ಯಾರು ಎಷ್ಟು ಹಾಲು ಹಾಕಬಹುದೆಂಬುದನ್ನು ತೀರ್ಮಾನಿಸುವುದು ಹೇಗೆ? ಹಿಂದಿನ ಒಂದು ವರ್ಷದಲ್ಲಿ ಎಷ್ಟು ಹಾಕಿದ್ದರೋ ಅದರ ಮೇಲೆ. ನೆದರ್ಲೆಂಡ್ಸ್‌ನಲ್ಲಿ ಆಯ್ದುಕೊಂಡ ವರ್ಷ 1983. ಒಕ್ಕೂಟದ ಮಾತಿನಂತೆ ಹಾಲು ಹಾಕದೆ ಕುಳಿತವರ 1983ರ ಲೆಕ್ಕ ಸೊನ್ನೆ. ಸೊನ್ನೆಗೆ ತಕ್ಕ ಕೋಟಾ ಸೊನ್ನೆ. ಹಸು ಕೊಂಡು ಕೊಟ್ಟಿಗೆಗೆ ಮರಳಿದವರಿಗೆ, ನೀವು ಹಾಲು ಹಾಕಿದವರಲ್ಲ, ಆದ್ದರಿಂದ ಹಾಕುವಂತಿಲ್ಲ ಎಂಬ ಉತ್ತರ.

ಒಬ್ಬ ಡಚ್ ರೈತ ನ್ಯಾಯಾಲಯಕ್ಕೆ ಹೋದ. ನೀವೇ ನಿಲ್ಲಿಸು ಎಂದು ಹೇಳಿ, ನಿಲ್ಲಿಸಿದ್ದಕ್ಕೇ ಶಿಕ್ಷಿಸುವುದು ಸಲ್ಲದು ಎಂದು 1988ರಲ್ಲಿ ತೀರ್ಪು ಬಂದಿತು. ಇದನ್ನು ಹೇಳಲು ಯುರೋಪಿನ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು. ಊರ ಕಟ್ಟೆಯ ಮೇಲಿನ ಹಿರಿಯರು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಹೇಳಿಬಿಡುತ್ತಿದ್ದರು. ತೀರ್ಪಿಗೆ ತಲೆಬಾಗಿದ ಒಕ್ಕೂಟ ಅಂಥವರಿಗೆ ಕೋಟಾ ಕೊಟ್ಟಿತು: ಹಳೆಯ ಪ್ರಮಾಣದ ಶೇಕಡ 60. ವಿಧೇಯತೆಗೆ ಶೇಕಡ 40ರ ಕಡಿತ. ಅದೂ ತಪ್ಪು ಎಂದು 1990ರಲ್ಲಿ ನ್ಯಾಯಾಲಯ ಮತ್ತೆ ಹೇಳಬೇಕಾಯಿತು. ಪರಿಹಾರದ ವ್ಯಾಜ್ಯ ಆಮೇಲೂ ನಡೆಯಿತು. ಈ ರೈತರ ಹಸುಗಳು ಕೊಡದ ಹಾಲಿನ ಮೇಲೆ ಎಷ್ಟು ವಕೀಲರ ಸಂಸಾರಗಳು ಸಾಗಿದವೋ!

ಈಗ ಮಾತು ಕೇಳದವರನ್ನು ನೋಡೋಣ. ಇಟಲಿಯ ಅನೇಕ ರೈತರು ಕೋಟಾವನ್ನು ಹವಾಮಾನ ವರದಿಯಂತೆ ಕೇಳಿಸಿಕೊಂಡು ತಮ್ಮ ಪಾಡಿಗೆ ಹಾಲು ಕರೆದರು. ದಂಡ ಬಿತ್ತು. ಅವರು ಟ್ರ್ಯಾಕ್ಟರ್ ಹತ್ತಿ ಮಿಲಾನಿನ ವಿಮಾನ ನಿಲ್ದಾಣದ ರಸ್ತೆಗೆ ಅಡ್ಡ ನಿಂತರು. ಎರ್ಕೊಲಿನಾ ಎಂಬ ಹಸುವೊಂದು ಈ ಹೋರಾಟದ ನಾಯಕಿಯಾಗಿ ರೋಮಿನವರೆಗೂ ಹೋಗಿ ಬಂದಿತು. ಇಟಲಿಯ ಸರ್ಕಾರ ಹೆದರಿ ರೈತರ ದಂಡವನ್ನು ತನ್ನ ಖಜಾನೆಯಿಂದಲೇ ಬ್ರಸೆಲ್ಸಿಗೆ ಕಟ್ಟಿತು. 2003ರಲ್ಲಂತೂ, ಬ್ಯಾಂಕಿನ ಉಳಿತಾಯಕ್ಕೆ ತೆರಿಗೆ ಹಾಕುವ ಯುರೋಪಿನ ಒಪ್ಪಂದವನ್ನು ಹಾಲಿನ ದಂಡದ ವಿಷಯ ಇತ್ಯರ್ಥವಾಗುವ ತನಕ ಬಿಡುವುದಿಲ್ಲ ಎಂದು ಇಟಲಿ ಪಟ್ಟು ಹಿಡಿಯಿತು. ದಂಡ ಕಟ್ಟಲು ರೈತರಿಗೆ ಬಡ್ಡಿಯಿಲ್ಲದ ಕಂತುಗಳ ಅನುಕೂಲ ಸಿಕ್ಕಿತು. ಕಡೆಗೆ 2018ರಲ್ಲಿ, 134 ಕೋಟಿ ಯೂರೊ ದಂಡವನ್ನು ರೈತರಿಂದ ವಸೂಲು ಮಾಡಿಲ್ಲವೆಂದು ನ್ಯಾಯಾಲಯ ಇಟಲಿಗೆ ಛೀಮಾರಿ ಹಾಕಿತು. ಆ ವೇಳೆಗೆ ಕೋಟಾ ಪದ್ಧತಿ ರದ್ದಾಗಿಯೇ ಸುಮಾರು ಮೂರು ವರ್ಷವಾಗಿತ್ತು.

ಐದು ವರ್ಷಕ್ಕೆಂದು ಬಂದ ಆ ಕೋಟಾ ಮೂವತ್ತೊಂದು ವರ್ಷ ಬಾಳಿ 2015ರ ಮಾರ್ಚ್ 31ಕ್ಕೆ ಕಣ್ಣು ಮುಚ್ಚಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಸರ್ಕಾರಗಳು ರೈತರನ್ನು ಹುರಿದುಂಬಿಸಿದ್ದೇ ಹುರಿದುಂಬಿಸಿದ್ದು. ಜಗತ್ತು ಹಾಲಿಗಾಗಿ ಬಾಯಿಬಿಟ್ಟು ನಿಂತಿದೆ, ಚೀನಾ ಕೊಳ್ಳುತ್ತದೆ, ಕೊಟ್ಟಿಗೆ ದೊಡ್ಡದು ಮಾಡಿ! ಐರ್ಲೆಂಡ್ ತನ್ನ ಹಾಲನ್ನು 2020ರ ಹೊತ್ತಿಗೆ ಒಂದೂವರೆ ಪಟ್ಟು ಮಾಡುವ ಗುರಿಯನ್ನು 2010ರಲ್ಲೇ ಅಚ್ಚು ಹಾಕಿಸಿತ್ತು. ರೈತರು ಸಾಲ ಮಾಡಿ ಕಟ್ಟಿದರು. ಅಷ್ಟರಲ್ಲಿ 2014ರ ಆಗಸ್ಟಿನಲ್ಲಿ ರಷ್ಯಾ ಯುರೋಪಿನ ಚೀಸ್ ಬೇಡವೆಂದಿತು, ಚೀನಾ ಖರೀದಿ ತಗ್ಗಿಸಿತು, ಬೆಲೆ ಕುಸಿಯಿತು. ಕರೆಯದ ಹಾಲಿಗೆ 14 ಸೆಂಟ್ ಎಂಬ ಔದಾರ್ಯ ಹುಟ್ಟಿದ್ದು ಈ ಸನ್ನಿವೇಶದಲ್ಲಿ. ಒಂದೂವರೆ ಪಟ್ಟು ಮಾಡಿ ಎಂದಿದ್ದ ಐರ್ಲೆಂಡಿನಲ್ಲಿ 2023ರಲ್ಲಿ ಹೊರಬಿದ್ದ ಸರ್ಕಾರಿ ಟಿಪ್ಪಣಿಯೊಂದು ಮೂರು ವರ್ಷದಲ್ಲಿ ಎರಡು ಲಕ್ಷ ಹಸು ಕಡಿಮೆ ಮಾಡುವ ಲೆಕ್ಕ ಹಾಕಿತ್ತು.

ನೆದರ್ಲೆಂಡ್ಸ್‌ನವರದ್ದು ಇನ್ನೂ ಸೊಗಸು. ಕೋಟಾ ಹೋಯಿತೆಂದು ಹಸು ಹೆಚ್ಚಿದವು. ಹಸು ಹೆಚ್ಚಿದ್ದರಿಂದ ಸೆಗಣಿ ಹೆಚ್ಚಿತು. ಸೆಗಣಿಯಲ್ಲಿರುವ, ನೀರು ಕೆಡಿಸುವ ಫಾಸ್ಫೇಟ್ ಒಕ್ಕೂಟದ ಮಿತಿ ಮೀರಿತು. ಹೀಗೆ ಹಾಲಿನ ಕೋಟಾ ಹೋದ ಕೊಟ್ಟಿಗೆಗೆ 2018ರ ಜನವರಿ 1ರಿಂದ ಸೆಗಣಿಯ ಕೋಟಾ ಬಂದಿತು. ಇದಕ್ಕೆ ಫಾಸ್ಫೇಟ್ ಹಕ್ಕು ಎಂದು ಹೆಸರು. ಕೊಳ್ಳಬಹುದು, ಮಾರಬಹುದು. ಯಾರಿಗೆ ಎಷ್ಟು ಹಕ್ಕು? 2015ರ ಜುಲೈ 2ರಂದು ಕೊಟ್ಟಿಗೆಯಲ್ಲಿ ಎಷ್ಟು ಹಸುವಿದ್ದವೋ ಅದರ ಮೇಲೆ. ಸಾಲ ತಂದು ಹೊಸ ಕೊಟ್ಟಿಗೆ ಕಟ್ಟಿಸಿ, ಹಸು ತುಂಬಿಸಲು ಇನ್ನೂ ಆರು ತಿಂಗಳಿದೆ ಎನ್ನುತ್ತಿದ್ದವನ ಕೈಯಲ್ಲಿ ಉಳಿದದ್ದು ಖಾಲಿ ಕೊಟ್ಟಿಗೆ ಮತ್ತು ಬ್ಯಾಂಕಿನ ನೋಟಿಸು. 1983ರ ಸೊನ್ನೆಯ ಮೊಮ್ಮಗನಿಗೆ 2015ರಲ್ಲಿ ನಾಮಕರಣವಾಯಿತು. 2016 ಮತ್ತು 2018ರ ನಡುವೆ ಆ ಸಣ್ಣ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕರೆಯುವ ಹಸುಗಳು ಕಡಿಮೆಯಾದವು.

ಹಾಲು ಆಯಿತು, ಸೆಗಣಿ ಆಯಿತು. ಹಸುವಿನಿಂದ ಹೊರಬರುವುದರಲ್ಲಿ ಇನ್ನೇನು ಬಾಕಿ ಎಂದು ಯೋಚಿಸಿದ ಡೆನ್ಮಾರ್ಕ್ ತೇಗಿಗೆ ಕೈ ಹಾಕಿದೆ. ಹಸು ತೇಗಿದರೆ ಮೀಥೇನ್. ಮೀಥೇನ್ ಭೂಮಿಗೆ ಕೇಡು. 2030ರಿಂದ, ಇಂಗಾಲದ ಲೆಕ್ಕದಲ್ಲಿ ಟನ್ನಿಗೆ 300 ಕ್ರೋನ್ ತೆರಿಗೆ, ಅದರಲ್ಲಿ ಶೇಕಡ 60 ವಿನಾಯಿತಿ. ಭೂಮಿ ಬಿಸಿಯಾಗುತ್ತಿರುವುದು ಸುಳ್ಳಲ್ಲ, ಹಸುವಿನ ಪಾಲೂ ಸುಳ್ಳಲ್ಲ. ಅದನ್ನು ಗೇಲಿ ಮಾಡುವುದು ನನ್ನ ಕೆಲಸವಲ್ಲ. ಹಸು ಹೆಚ್ಚಿಸಿ ಎಂದವರು ಅದು ತೇಗುತ್ತದೆಂದು ಆಗ ಯಾಕೆ ನೆನಪಿಸಲಿಲ್ಲ ಎಂದಷ್ಟೇ ಕೇಳುತ್ತೇನೆ.

ಸಾಮಾನ್ಯ ಕೃಷಿ ನೀತಿಯ ಹಣ ಚಿಲ್ಲರೆಯಲ್ಲ. 2021ರಿಂದ 2027ರವರೆಗೆ ಸುಮಾರು 38,700 ಕೋಟಿ ಯೂರೊ, ಒಕ್ಕೂಟದ ಬಜೆಟ್ಟಿನ ಮೂರನೇ ಒಂದು ಪಾಲು. ಹಿಂದಿನಿಂದಲೂ ಹೀಗೇ ಹಾಲೆರೆದರೂ 2005ರಿಂದ 2020ರೊಳಗೆ 53 ಲಕ್ಷ ಕೃಷಿ ಕುಟುಂಬಗಳ ಬೇಸಾಯ ಮುಚ್ಚಿಹೋಯಿತು. ಹಣ ಎಲ್ಲಿಗೆ ಹೋಯಿತು? ಹಾಲಿಗೆ, ಬೆಳೆಗೆ ಕೊಟ್ಟರೆ ಬೆಟ್ಟ ಬೆಳೆಯುತ್ತದೆಂದು 2003ರ ಸುಧಾರಣೆ ಜಮೀನಿನ ವಿಸ್ತೀರ್ಣಕ್ಕೆ ಹಣ ಕಟ್ಟಿತು. ಜಮೀನು ಹೆಚ್ಚಿದ್ದವರ ಮನೆಗೆ ಹಣ ಹೆಚ್ಚು ಹರಿಯಿತು. ನೇರ ಸಹಾಯದ ಸುಮಾರು ಶೇಕಡ 80 ಪಾಲು ಶೇಕಡ 20 ಮಂದಿಗೆ. ಬ್ರಿಟನ್ ಒಕ್ಕೂಟದಲ್ಲಿದ್ದಷ್ಟು ಕಾಲ ಅದರ ರಾಣಿಯ ಸ್ಯಾಂಡ್ರಿಂಗ್‌ಹ್ಯಾಮ್ ಎಸ್ಟೇಟಿಗೂ ಸಹಾಯಧನ ಬರುತ್ತಿತ್ತು. ಇನ್ನು ಹುಲ್ಲು ಬೆಳೆಯುವ ಜಮೀನು ಯಾರ ಬಳಿ ತಾನೇ ಇಲ್ಲ? ಕೊನೆಗೆ 2013ರ ಕಾನೂನಿನಲ್ಲಿ ಬಿಡಿಸಿ ಬರೆಯಬೇಕಾಯಿತು: ವಿಮಾನ ನಿಲ್ದಾಣ, ರೈಲ್ವೆ, ನೀರು ಸರಬರಾಜು, ರಿಯಲ್ ಎಸ್ಟೇಟ್, ಆಟದ ಮೈದಾನ ನಡೆಸುವವರು ರೈತರಲ್ಲ. ಇಲ್ಲ, ನಾವು ನಿಜಕ್ಕೂ ರೈತರೇ ಎಂದು ದಾಖಲೆ ಕೊಟ್ಟರೆ ಪರಿಶೀಲಿಸಬಹುದು ಎಂಬ ಕಿಂಡಿಯನ್ನೂ ಬಿಟ್ಟರು. ರನ್‌ವೇ ಪಕ್ಕದ ಹುಲ್ಲಿಗೂ ಒಂದು ಭವಿಷ್ಯವಿರಲಿ ಎಂದು.

ಹಸುಗಳ ಪೈಕಿ ಈ ವ್ಯವಸ್ಥೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡದ್ದು ಬಲ್ಗೇರಿಯದ ಪೆಂಕಾ. ಒಕ್ಕೂಟದಲ್ಲಿ ಪ್ರತಿ ದನಕ್ಕೂ ಗುರುತಿನ ಕಿವಿಯೋಲೆ, ಚಲನವಲನದ ದಾಖಲೆ ಇರಬೇಕು. ಗಬ್ಬದ ಹಸು ಪೆಂಕಾ 2018ರ ಮೇ ತಿಂಗಳಲ್ಲಿ ಮೇಯುತ್ತಾ ಮೇಯುತ್ತಾ ಗಡಿ ದಾಟಿ, ಒಕ್ಕೂಟದಲ್ಲಿಲ್ಲದ ಸರ್ಬಿಯಕ್ಕೆ ಹೋಗಿ, ಕಾಗದಪತ್ರವಿಲ್ಲದೆ ಮನೆಗೆ ಮರಳಿತು. ಹೊರದೇಶದಿಂದ ದಾಖಲೆಯಿಲ್ಲದೆ ಬಂದ ದನವಾದ್ದರಿಂದ ಕೊಲ್ಲಬೇಕೆಂದು ಅಧಿಕಾರಿಗಳು ತೀರ್ಮಾನಿಸಿದರು. ಯುರೋಪಿನ ಉದ್ದಗಲ ಸಹಿ ಸಂಗ್ರಹ ನಡೆಯಿತು, ರಕ್ತ ಪರೀಕ್ಷೆ ನಡೆಯಿತು, ಪೆಂಕಾ ಉಳಿಯಿತು. ನಿಯಮ ಮುರಿದು ಬದುಕಿಕೊಂಡಿತು, ಇಟಲಿಯ ರೈತರ ಹಾಗೆ.

2025ರ ಜುಲೈನಲ್ಲಿ ಇನ್ನೊಂದು ಸುಧಾರಣೆಯ ಪ್ರಸ್ತಾವ ಬಂದಿದೆ. 2028ರಿಂದ ಕೃಷಿಯ ಹಣವನ್ನು ಹಿಂದುಳಿದ ಪ್ರದೇಶಗಳ ಅಭಿವೃದ್ಧಿಯ ಹಣದೊಂದಿಗೆ ಒಂದೇ ನಿಧಿಗೆ ಸೇರಿಸುವುದು, ಎಲ್ಲವನ್ನೂ ಸರಳಗೊಳಿಸುವುದು. ಸರಳ ಎಂಬ ಮಾತು ಕಿವಿಗೆ ಬಿದ್ದೊಡನೆ ರೈತರು ಬ್ರಸೆಲ್ಸಿಗೆ ಹೊರಟರು; ಅನುಭವಸ್ಥರು.

ನಾನು ಅಲ್ಲಿನ ಹೈನುಗಾರನಾಗಿದ್ದರೆ ಕರಡನ್ನು ಓದುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. ನನಗೆ ಬೇಕಾಗಿರುವುದು ಒಂದೇ ಮಾಹಿತಿ: ನಮ್ಮ ಹಸುಗಳನ್ನು ಯಾವ ದಿನದ ಲೆಕ್ಕದಲ್ಲಿ ಎಣಿಸುತ್ತೀರಿ? ಆ ದಿನ ಯಾವುದೆಂದು ಅದು ಕಳೆದ ಮೇಲೆಯೇ ತಿಳಿಯುವುದು ಅಲ್ಲಿನ ವಾಡಿಕೆ. ಆದ್ದರಿಂದ ಎಣಿಸಲು ಬಂದಾಗ ಕಡಿಮೆಯಾಗದಿರಲಿ ಎಂದು, ಹಾಲಿಗೆ ಬೆಲೆ ಇರಲಿ ಇಲ್ಲದಿರಲಿ, ನಾಳೆ ಸಂತೆಗೆ ಹೋಗಿ ಇನ್ನೂ ನಾಲ್ಕು ಹಸು ಹಿಡಿದುಕೊಂಡು ಬರುತ್ತಿದ್ದೆ.