ಒಡೆದ ಗೋಡೆಯ ಮಣ್ಣಿಗೊಂದು ಗೇಟು

ಕ್ಯಾಲಿಫೋರ್ನಿಯಾದ ನಮ್ಮ ಮನೆಯಲ್ಲಿ ಹೋದ ತಿಂಗಳು ಬಚ್ಚಲುಮನೆ ಒಡೆಸಿದೆವು. ಟೈಲ್ಸು, ಸಿಮೆಂಟು, ಹಳೇ ಕಮೋಡು ಎಲ್ಲವನ್ನೂ ಬಾಡಿಗೆ ಪಿಕಪ್ಪಿಗೆ ತುಂಬಿ, ತಾರ್ಪಾಲು ಬಿಗಿದು, ಊರಿನ ಕಸ ಹೂಳುವ ಲ್ಯಾಂಡ್‌ಫಿಲ್ಲಿಗೆ ನಾನೇ ಒಯ್ದೆ. ಗೇಟಿನಲ್ಲೇ ವೇಬ್ರಿಡ್ಜ್. ಹೋಗುವಾಗ ಒಂದು ತೂಕ, ಸುರಿದು ಬರುವಾಗ ಇನ್ನೊಂದು; ಕಳೆದು ಉಳಿದ ತೂಕಕ್ಕೆ ದುಡ್ಡು. ಪೇಂಟ್ ಡಬ್ಬಿ, ಬ್ಯಾಟರಿ, ಟ್ಯೂಬ್‌ಲೈಟನ್ನು ಒಳಗೆ ಬಿಡಲಿಲ್ಲ, ಅದಕ್ಕೆ ಬೇರೆ ಜಾಗವಿದೆ.

ರಸೀದಿ ಹಿಡಿದು ನಿಂತಾಗ ಬೆಂಗಳೂರಿನಲ್ಲಿ ಅಪ್ಪ ಅಡುಗೆಮನೆ ಒಡೆಸಿದ್ದು ನೆನಪಾಯಿತು. "ಅದ್ರ ಯೋಚ್ನೆ ನಿಮಗ್ಯಾಕೆ ಯಜಮಾನ್ರೇ, ರಾತ್ರಿ ಟ್ರ್ಯಾಕ್ಟರ್ ಬರುತ್ತೆ" ಅಂದಿದ್ದರು ಮೇಸ್ತ್ರಿ. ಬಂತು, ಹೋಯಿತು. ಎಲ್ಲಿಗೆ ಅಂತ ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೆರೆಯಂಚಿನಲ್ಲಿ, ರಾಜಕಾಲುವೆ ಬದಿಯಲ್ಲಿ ಅಂಥ ರಾಶಿ ಕಂಡಾಗಲೆಲ್ಲ ನಮ್ಮ ಮನೆಯದೂ ಇದರಲ್ಲಿದೆಯೇನೋ ಎಂದು ನಾಚಿಕೆಯಾಗುತ್ತದೆ.

ನಮ್ಮ ಜನಕ್ಕೆ ಶಿಸ್ತಿಲ್ಲ ಎಂದು ಇಲ್ಲಿನ ಗೆಳೆಯರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕಟ್ಟಡ ತ್ಯಾಜ್ಯಕ್ಕೆಂದೇ 2016ರಲ್ಲೇ ಕೇಂದ್ರದ ನಿಯಮ ಬಂತು. ಆದರೆ ಹತ್ತು ಮೂಟೆ ಮಣ್ಣನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೊರಟ ಮನೆಯವನಿಗೆ ಪಕ್ಕದಲ್ಲಿ ಇಂಥದೊಂದು ಗೇಟು ಬೇಕಲ್ಲ?

ಗೇಟಿನೊಳಗೆ ಏನಾಗುತ್ತದೆ ಎನ್ನುವುದೂ ಮುಖ್ಯ. ಅಮೆರಿಕದ 1991ರ ನಿಯಮದಂತೆ ಹೊಸ ಲ್ಯಾಂಡ್‌ಫಿಲ್ಲಿನ ತಳಕ್ಕೆ ಎರಡು ಅಡಿ ಜೇಡಿಮಣ್ಣು ಗಟ್ಟಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಕಸದಿಂದ ಇಳಿಯುವ ಕೊಳೆನೀರನ್ನು ಕೊಳವೆಗಳಲ್ಲಿ ಹಿಡಿಯಬೇಕು. ದಿನದ ಕೊನೆಗೆ ಆರಿಂಚು ಮಣ್ಣು ಮುಚ್ಚಬೇಕು. ಭರ್ತಿಯಾಗಿ ಮುಚ್ಚಿದ ಮೇಲೂ 30 ವರ್ಷ ನಿಗಾ ಇಡಬೇಕು. ನಮ್ಮಲ್ಲಿ ಬೆಂಗಳೂರಿನ ಕಸ ಬೀಳುತ್ತಿದ್ದ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದ ಮೇಲೆ ಅಲ್ಲಿ ಸುರಿಯುವುದು ನಿಂತಿತು. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರ ಎಂಬಲ್ಲಿನ ಅಡಿಕೆ, ತೆಂಗಿನ ತೋಟಗಳನ್ನೇ ನುಂಗಿತು. ತಲೆಮಾರುಗಳಿಂದ ಬೆಳೆಸಿದ ತೋಟ. ಅವರು ಯಾರ ಕಸಕ್ಕೆ ದಂಡ ತೆತ್ತರು?

ಒಂದು ವಿಷಯದಲ್ಲಿ ಮಾತ್ರ ನಮ್ಮೂರೇ ಮೇಲು. ಅವತ್ತು ಲ್ಯಾಂಡ್‌ಫಿಲ್ಲಿನಲ್ಲಿ ನನ್ನ ಕಣ್ಣೆದುರಿಗೇ ಗಟ್ಟಿಮುಟ್ಟಾದ ಬಾಗಿಲುಗಳು, ಒಂದು ಗೀರೂ ಇಲ್ಲದ ಸಿಂಕು ಗುಂಡಿಗೆ ಬಿದ್ದವು. ನೋಡಿ ಹೊಟ್ಟೆ ಉರಿಯಿತು. ನಮ್ಮಲ್ಲಾಗಿದ್ದರೆ ಗುಜರಿಯವರು ಕಂಬಿ, ಕಿಟಕಿ, ಬಾಗಿಲು ಎಲ್ಲ ಬಿಡಿಸಿಕೊಂಡು ಹೋಗಿ ಇನ್ನೊಂದು ಮನೆಗೆ ಸೇರಿಸುತ್ತಿದ್ದರು. ಬೆಂಗಳೂರಿನ ವಾರ್ಡುಗಳಲ್ಲಿ ನಾಳೆ ಇಂಥ ಗೇಟುಗಳಾದರೆ ಮೊದಲ ಕುರ್ಚಿ ಗುಜರಿಯವರಿಗೇ ಹಾಕಬೇಕು, ಅವರು ಆರಿಸಿ ಬಿಟ್ಟದ್ದಷ್ಟೇ ತೂಕಕ್ಕೆ ಬರಲಿ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಪ್ಪನ ಮನೆಯ ಹಿಂದಿನ ಕೋಣೆ ಕೆಡವಬೇಕಿದೆ. ಅದರ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಮೇಸ್ತ್ರಿಯವರನ್ನು ಈಗಲೇ ಕೇಳಿದ್ದೇನೆ.